ಜಿಬ್ರಾಲ್ಟರ್ ದಾಟಿಸುವ ಫೆರ್ರಿ: ಬೈಕ್ ಸವಾರರಿಗೆ ತರೀಫಾನೋ, ಅಲ್ಹೆಸೀರಾಸೋ?

ಸ್ಪೇನ್‌ನಿಂದ ಮೊರೊಕ್ಕೊಗೆ ಬೈಕ್ ಸಮೇತ ಹೊರಟವರು ಸಾಮಾನ್ಯವಾಗಿ ಕೇಳುವುದು ‘ಯಾವ ಕಂಪನಿ ಅಗ್ಗ?’ ಅಂತ. ಕೇಳಬೇಕಾದ್ದು ‘ಯಾವ ಬಂದರು?’ ಅಂತ. ಜಿಬ್ರಾಲ್ಟರ್ ಜಲಸಂಧಿ ತೀರಾ ಕಿರಿದಾದ ಕಡೆ ಸುಮಾರು 14 ಕಿ.ಮೀ. ಅಷ್ಟೇ. ನೀರಿನ ಮೇಲಿನ ಕೆಲಸ ಒಂದು, ಒಂದೂವರೆ ಗಂಟೆಯದ್ದು. ಉಳಿದ ಅರ್ಧ ದಿನವನ್ನು ತಿನ್ನುವುದು ಗಾಳಿ, ಸಾಲು ಮತ್ತು ಕಾಗದ. ಈ ಮೂರರಲ್ಲಿ ಯಾವುದು ನಿಮ್ಮನ್ನು ಎಷ್ಟು ಕಾಡಬೇಕು ಅನ್ನುವುದನ್ನು ಬಂದರು ನಿರ್ಧರಿಸುತ್ತದೆ, ಕಂಪನಿಯಲ್ಲ.

ಬೈಕಿಗೆ ಮುಖ್ಯವಾಗಿ ಎರಡು ದಾರಿ. ಮೊದಲನೆಯದು ಸ್ಪೇನ್‌ನ ತರೀಫಾದಿಂದ ಮೊರೊಕ್ಕೊದ ಟ್ಯಾಂಜಿಯರ್ ವಿಲ್‌ಗೆ. ವೇಗದ ಹಡಗು, ಸುಮಾರು ಒಂದು ಗಂಟೆ, ಇಳಿದರೆ ಎದುರಿಗೇ ಟ್ಯಾಂಜಿಯರ್‌ನ ಹಳೇ ಪಟ್ಟಣ. ಎರಡನೆಯದು ಸ್ಪೇನ್‌ನದೇ ಅಲ್ಹೆಸೀರಾಸ್‌ನಿಂದ ಟ್ಯಾಂಜಿಯರ್ ಮೆಡ್‌ಗೆ. ದೊಡ್ಡ ಹಡಗು, ಒಂದೂವರೆ ಗಂಟೆ ಅಥವಾ ಸ್ವಲ್ಪ ಹೆಚ್ಚು. ಹೆಸರಲ್ಲಿ ಟ್ಯಾಂಜಿಯರ್ ಇದೆ ಅಂತ ಮೋಸ ಹೋಗಬೇಡಿ, ಈ ಬಂದರು ಊರಿನಿಂದ ಪೂರ್ವಕ್ಕೆ ನಲವತ್ತು ಕಿ.ಮೀ.ಗಿಂತ ದೂರ. ರಾತ್ರಿ ಇಳಿದು ‘ಇಲ್ಲೇ ಹೋಟೆಲ್’ ಅಂದುಕೊಂಡವರಿಗೆ ಕತ್ತಲಲ್ಲಿ ಇನ್ನೊಂದು ಗಂಟೆಯ ಸವಾರಿ ಬಾಕಿ ಇರುತ್ತದೆ. ಅಲ್ಹೆಸೀರಾಸ್‌ನಿಂದ ಸೆಯುತಾಗೆ (ಆಫ್ರಿಕಾದ ದಡದಲ್ಲಿರುವ ಸ್ಪೇನ್‌ನ ಊರು) ಹೋಗಿ, ಅಲ್ಲಿಂದ ನೆಲದ ಗಡಿ ದಾಟುವ ಮೂರನೇ ದಾರಿಯೂ ಇದೆ. ಅದರ ಮಾತು ಆಮೇಲೆ.

ತರೀಫಾವನ್ನು ಹೊಗಳುವವರು ಬಹಳ, ಹೊಗಳಿಕೆಯಲ್ಲಿ ಸುಳ್ಳೂ ಇಲ್ಲ. ಚಿಕ್ಕ ಬಂದರು, ಲಾರಿಗಳ ಕಾಟವಿಲ್ಲ, ಗೇಟಿನಿಂದ ಹಡಗಿನ ಬಾಯಿವರೆಗೆ ಕಣ್ಣಳತೆಯ ದೂರ. ದಾರಿ ತಪ್ಪಲು ಜಾಗವೇ ಇಲ್ಲ. ಆದರೆ ಬ್ರೋಷರ್‌ಗಳಲ್ಲಿ ಬರೆಯದ ಒಂದು ಸಂಗತಿ ಇದೆ: ಲೆವಾಂತೆ. ಪೂರ್ವದಿಂದ ಬೀಸುವ ಈ ಗಾಳಿ ಎರಡು ಕಡೆಯ ಬೆಟ್ಟಸಾಲುಗಳ ನಡುವೆ ಆಲಿಕೆಗೆ ಸಿಕ್ಕ ನೀರಿನಂತೆ ಬಿಗಿಯಾಗಿ, ಜಲಸಂಧಿಯ ಪಶ್ಚಿಮ ಬಾಯಲ್ಲಿ ಅತಿ ಜೋರಾಗುತ್ತದೆ. ತರೀಫಾ ಇರುವುದು ಸರಿಯಾಗಿ ಅಲ್ಲೇ. ಗಾಳಿಪಟ ಹಿಡಿದು ಅಲೆಯ ಮೇಲೆ ಜಾರುವವರು ಜಗತ್ತಿನ ಎಲ್ಲಾ ಕಡೆಯಿಂದ ಅಲ್ಲಿಗೆ ಬರುವುದು ಸುಮ್ಮನೆ ಅಲ್ಲ. ಜೊತೆಗೆ ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್ ಕಡೆಗೆ ಮೇಲ್ನೀರು ಸದಾ ಹರಿಯುತ್ತಿರುತ್ತದೆ. ಪೂರ್ವದ ಗಾಳಿ ಆ ಹರಿವಿಗೆ ಎದುರಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ವೇಗದ ಹಡಗುಗಳಿಗೆ ಇಂತಿಷ್ಟೇ ಅಲೆಯ ಎತ್ತರದವರೆಗೆ ಓಡಬಹುದು ಎಂಬ ಮಿತಿ ಅವುಗಳ ಪರವಾನಗಿಯಲ್ಲೇ ಇರುತ್ತದೆ. ಮಿತಿ ದಾಟಿದರೆ ಕ್ಯಾಪ್ಟನ್ ಮನಸ್ಸು ಮಾಡಿದರೂ ಹೊರಡುವಂತಿಲ್ಲ. ಹೀಗಾಗಿ ಬಿಸಿಲು ಝಗಝಗಿಸುವ ದಿನವೂ ‘ಇವತ್ತು ಹಡಗಿಲ್ಲ’ ಅನ್ನುವ ಬೋರ್ಡ್ ಬೀಳುತ್ತದೆ. ಆಕಾಶ ನೋಡಿ ಲೆಕ್ಕ ಹಾಕಬೇಡಿ. ಹಿಂದಿನ ರಾತ್ರಿಯೇ ಗಾಳಿಯ ಮುನ್ಸೂಚನೆ ನೋಡಿ. ಪೂರ್ವದ ಗಾಳಿ ಜೋರಿದೆ ಎಂದಿದ್ದರೆ ಬೆಳಗ್ಗೆ ನೇರ ಅಲ್ಹೆಸೀರಾಸ್‌ಗೆ ಹೊರಡಿ. ಎರಡೂ ಊರಿನ ನಡುವೆ ಎನ್-340 ರಸ್ತೆಯಲ್ಲಿ ಇಪ್ಪತ್ತು ಚಿಲ್ಲರೆ ಕಿ.ಮೀ. ಅಷ್ಟೇ. ಹಾಂ, ಆ ಗಾಳಿಯಲ್ಲಿ ಆ ಬೆಟ್ಟದ ರಸ್ತೆಯೂ ಸುಖದ್ದಲ್ಲ. ಪಕ್ಕಗಳಲ್ಲಿ ಸಾಮಾನಿನ ಅಗಲ ಡಬ್ಬಿ ಕಟ್ಟಿದ ಬೈಕನ್ನು ತಿರುವುಗಳಲ್ಲಿ ಪಕ್ಕಕ್ಕೆ ತಳ್ಳುತ್ತದೆ.

ಅಲ್ಹೆಸೀರಾಸ್‌ನ ಕೊಲ್ಲಿಗೆ ಮರೆ ಇದೆ, ಅಲ್ಲಿಂದ ಹೊರಡುವ ಭಾರದ ಹಡಗುಗಳು ಇನ್ನಷ್ಟು ಕೆಟ್ಟ ಹವೆಯಲ್ಲೂ ಓಡುತ್ತವೆ. ಅದಕ್ಕೆ ತೆರುವ ಬೆಲೆ ಗದ್ದಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಯುರೋಪಿನಲ್ಲಿ ದುಡಿಯುವ ಮೊರೊಕ್ಕೊ ಮೂಲದ ಕುಟುಂಬಗಳು ಕಾರಿನ ತಲೆ ಮೇಲೆ ಮನೆ ಕಟ್ಟಿದಷ್ಟು ಸಾಮಾನು ಹೇರಿಕೊಂಡು ಊರಿಗೆ ಹೋಗಿ ಬರುವ ಕಾಲ. ಸ್ಪೇನ್ ಇದಕ್ಕೆಂದೇ ಪ್ರತಿವರ್ಷ ಒಂದು ವ್ಯವಸ್ಥೆ ಮಾಡುತ್ತದೆ. ಜುಲೈ ಕೊನೆಯಲ್ಲಿ ದಕ್ಷಿಣಕ್ಕೆ, ಆಗಸ್ಟ್ ಕೊನೆಯಲ್ಲಿ ಉತ್ತರಕ್ಕೆ ಹೊರಡುವುದನ್ನು ತಪ್ಪಿಸಲು ಆದರೆ ತಪ್ಪಿಸಿ. ಬೈಕುಗಳನ್ನು ಸಾಲಿನ ಮುಂದಕ್ಕೆ ಕರೆಯುವುದು ಹೆಚ್ಚು, ಆದರೆ ಕೈಬೀಸಿ ಕರೆಯುವವರೆಗೆ ನೀವೇ ನುಗ್ಗಬೇಡಿ.

ಟಿಕೆಟಿನ ವಿಷಯ. ಮರಳುವ ದಿನ ಗೊತ್ತಿಲ್ಲದವರು ‘ಓಪನ್ ರಿಟರ್ನ್’ ತೆಗೆದುಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಒಂದು ಕಂಪನಿಯ ಟಿಕೆಟ್ ಇನ್ನೊಂದರಲ್ಲಿ ನಡೆಯದು, ಮತ್ತು ಈ ಜಲಸಂಧಿಯಲ್ಲಿ ಕಂಪನಿಗಳು ಬದಲಾಗುತ್ತಲೇ ಇರುತ್ತವೆ. ವರ್ಷಾನುಗಟ್ಟಲೆ ತರೀಫಾದಲ್ಲಿ ಕಾಣುತ್ತಿದ್ದ ಎಫ್‌ಆರ್‌ಎಸ್‌ನ ಇಲ್ಲಿನ ವ್ಯವಹಾರ 2024ರಲ್ಲಿ ಡಿಎಫ್‌ಡಿಎಸ್ ಕೈಗೆ ಹೋಯಿತು. 2025ರಲ್ಲಿ ತರೀಫಾದಿಂದ ಹಡಗು ಓಡಿಸುವ ಆ ಸರದಿ ಬಲೆಯಾರಿಯಾಗೆ ಸಿಕ್ಕಿತು. ಆದ್ದರಿಂದ ಹಳೆಯ ಪ್ರವಾಸ ಕಥನ ಓದಿ ಕಂಪನಿ ಆರಿಸುವುದು ದಂಡ. ಟಿಕೆಟ್ ಕೊಳ್ಳುವಾಗ ಮೂರು ಮಾತು ಕೇಳಿ ಬರೆಸಿಕೊಳ್ಳಿ: ಓಪನ್ ಟಿಕೆಟಿನ ಅವಧಿ ಎಷ್ಟು, ತರೀಫಾ ಮುಚ್ಚಿದರೆ ಇದೇ ಟಿಕೆಟಿನಲ್ಲಿ ಬೇರೆ ಬಂದರಿನಿಂದ ಬಿಡುತ್ತಾರೆಯೇ, ಗಾಡಿಯ ನಂಬರ್ ಆರ್‌ಸಿಯಲ್ಲಿ ಇದ್ದ ಹಾಗೇ ಅಚ್ಚಾಗಿದೆಯೇ. ಕೊನೆಯದು ಸಣ್ಣದೆನಿಸಬಹುದು. ‘0’ ಇರುವಲ್ಲಿ ‘ಓ’ ಅಕ್ಷರ ಬಿದ್ದರೆ ಗೇಟಿನಲ್ಲಿ ಪಕ್ಕಕ್ಕೆ ನಿಲ್ಲಿಸಿ ಕೌಂಟರಿಗೆ ವಾಪಸ್ ಕಳಿಸುತ್ತಾರೆ. ಪಕ್ಕಕ್ಕೆ ಡಬ್ಬಿ ಇರುವ ಬೈಕನ್ನು ಹಾಗೆಂದೇ ಹೇಳಿ ಬುಕ್ ಮಾಡಿ, ಸೈಡ್‌ಕಾರ್ ಇದ್ದರಂತೂ ಕಡ್ಡಾಯ.

ಇನ್ನು ಗಡಿಯಾರ. ಮೊರೊಕ್ಕೊ 2018ರಿಂದ ವರ್ಷವಿಡೀ ಗ್ರೀನಿಚ್‌ಗಿಂತ ಒಂದು ಗಂಟೆ ಮುಂದೆ ಇದೆ. ರಂಜಾನ್ ತಿಂಗಳಲ್ಲಿ ಮಾತ್ರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಸ್ಪೇನ್ ಬೇಸಿಗೆಯಲ್ಲಿ ಎರಡು ಗಂಟೆ ಮುಂದೆ, ಚಳಿಗಾಲದಲ್ಲಿ ಒಂದು. ಅಂದರೆ ಚಳಿಗಾಲದಲ್ಲಿ ಎರಡೂ ದಡದ ಗಡಿಯಾರ ಒಂದೇ, ಬೇಸಿಗೆಯಲ್ಲಿ ಮೊರೊಕ್ಕೊ ಒಂದು ಗಂಟೆ ಹಿಂದೆ, ಚಳಿಗಾಲದಲ್ಲಿ ರಂಜಾನ್ ಬಂದರೆ ಆಗಲೂ ಒಂದು ಗಂಟೆ ಹಿಂದೆ. ಟಿಕೆಟಿನಲ್ಲಿ ಇರುವುದು ಹೊರಡುವ ಬಂದರಿನ ಸಮಯ. ಜಲಸಂಧಿಯ ಮಧ್ಯೆ ಮೊಬೈಲ್ ಯಾವ ದೇಶದ ಟವರ್ ಹಿಡಿದಿದೆಯೋ ಅದರ ಸಮಯ ತೋರಿಸುತ್ತದೆ, ತರೀಫಾದ ದಡದಲ್ಲೇ ಕೆಲವೊಮ್ಮೆ ಎದುರು ದಡದ ಟವರ್ ಹಿಡಿದುಬಿಡುತ್ತದೆ. ಕೈಗಡಿಯಾರ ನಂಬಿ.

ಕಾಗದಪತ್ರ ಮನೆಯಿಂದ ಹೊರಡುವ ಮುನ್ನವೇ ಸರಿ ಇರಬೇಕು. ಭಾರತದ ಪಾಸ್‌ಪೋರ್ಟ್ ಇದ್ದವರು ಮೊದಲು ನೋಡಬೇಕಾದ್ದು ಶೆಂಗೆನ್ ವೀಸಾದಲ್ಲಿ ಎಷ್ಟು ಪ್ರವೇಶಕ್ಕೆ ಅವಕಾಶ ಇದೆ ಅಂತ. ಸ್ಪೇನ್ ಬಿಟ್ಟ ಗಳಿಗೆಗೆ ಒಂದು ಪ್ರವೇಶದ ವೀಸಾ ಮುಗಿದುಹೋಗುತ್ತದೆ. ಮರಳಿ ಹಡಗು ಹತ್ತಲು ಬಿಡುವುದಿಲ್ಲ, ಬೈಕು ಆಫ್ರಿಕಾದಲ್ಲಿ, ನೀವೂ ಅಲ್ಲೇ. ಎರಡು ಅಥವಾ ಹಲವು ಪ್ರವೇಶದ್ದು ಬೇಕು. ಮೊರೊಕ್ಕೊ ವೀಸಾ ಬೇರೆಯೇ. ಐರೋಪ್ಯ ಒಕ್ಕೂಟದವರಲ್ಲದವರ ಬೆರಳಚ್ಚು, ಮುಖದ ಚಿತ್ರ ತೆಗೆದು ಒಳಬಂದದ್ದು ಹೊರಹೋದದ್ದು ದಾಖಲಿಸುವ ಹೊಸ ಪದ್ಧತಿ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದಿದೆ. ಕೈಗವಸು, ಹೆಲ್ಮೆಟ್ ಕಳಚಿ ಬೂತಿಗೆ ಹೋಗಬೇಕಾದ್ದರಿಂದ ಮೊದಲಿನ ಅಂದಾಜಿಗೆ ಒಂದರ್ಧ ಗಂಟೆ ಸೇರಿಸಿಕೊಳ್ಳಿ.

ಗಾಡಿಗೆ ಬೇಕಾದ್ದು ಮೂಲ ಆರ್‌ಸಿ (ಫೋಟೋ, ಜೆರಾಕ್ಸ್ ನಡೆಯದು), ಇನ್ಶೂರೆನ್ಸಿನ ಗ್ರೀನ್ ಕಾರ್ಡ್. ಗ್ರೀನ್ ಕಾರ್ಡಿನಲ್ಲಿ ದೇಶಗಳ ಸಂಕೇತಾಕ್ಷರಗಳ ಚೌಕಗಳಿರುತ್ತವೆ. ‘ಎಂಎ’ ಚೌಕಕ್ಕೆ ಅಡ್ಡಗೆರೆ ಬಿದ್ದಿದ್ದರೆ ನಿಮ್ಮ ವಿಮೆ ಮೊರೊಕ್ಕೊದಲ್ಲಿ ಇಲ್ಲ ಎಂದರ್ಥ. ಆಗ ಇಳಿದ ಬಂದರಿನಲ್ಲೇ ಗಡಿ ವಿಮೆ ಕೊಳ್ಳಬೇಕು. ಅದು ಎದುರಿನವರ ನಷ್ಟಕ್ಕೆ ಮಾತ್ರ, ನಿಮ್ಮ ಗಾಡಿಗಲ್ಲ. ಕಾರ್ನೆ (ಗಾಡಿಯನ್ನು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ಯಲು ಮಾಡಿಸುವ ಕಸ್ಟಮ್ಸ್ ಖಾತರಿ ಪತ್ರ) ಬೇಕಿಲ್ಲ, ಆಫ್ರಿಕಾ ಅಂದ ಕೂಡಲೇ ಕಾರ್ನೆ ಮಾಡಿಸಲು ಓಡುವವರು ಆ ದುಡ್ಡು ಉಳಿಸಬಹುದು. ಗಾಡಿ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಮಾಲೀಕರ ಅಧಿಕಾರಪತ್ರ ಬೇಕು, ನೋಟರಿ ಮುದ್ರೆಯೊಂದಿಗೆ, ಫ್ರೆಂಚ್‌ನಲ್ಲಿದ್ದರೆ ಕೌಂಟರಿನಲ್ಲಿ ಮಾತು ಕಡಿಮೆ. ಸ್ಪೇನ್‌ನಲ್ಲಿ ಬಾಡಿಗೆಗೆ ತೆಗೆದ ಬೈಕಾದರೆ ಮೊರೊಕ್ಕೊ ಎಂದು ಹೆಸರು ಹಿಡಿದು ಬರೆದ ಒಪ್ಪಿಗೆ ಇರಲೇಬೇಕು.

ಹಡಗು ಹತ್ತುವ ಕಡೆ ಬೀಳುವವರು ವೇಗದಲ್ಲಿ ಬೀಳುವುದಿಲ್ಲ, ನಿಂತಲ್ಲೇ ಬೀಳುತ್ತಾರೆ. ರ‍್ಯಾಂಪು ಉಕ್ಕಿನದು, ಒದ್ದೆ, ಡೀಸೆಲ್ ಸೋರಿದ ಜಿಡ್ಡು ಬೇರೆ. ಉಬ್ಬರವಿಳಿತಕ್ಕೆ ತಕ್ಕಂತೆ ಅದರ ಇಳಿಜಾರು ಬದಲಾಗುತ್ತದೆ, ಮಧ್ಯದ ಕೀಲಿನಲ್ಲಿ ಒಂದು ಹಂಪ್ ಇರುತ್ತದೆ. ಮೊದಲ ಗೇರ್, ಮೈ ನೆಟ್ಟಗೆ, ಕಣ್ಣು ದೂರಕ್ಕೆ, ಮುಂದಿನ ಬ್ರೇಕಿನಿಂದ ಬೆರಳು ತೆಗೆದು ಹಿಂದಿನ ಬ್ರೇಕ್ ಮೇಲೆ ಕಾಲು. ಮುಂದಿನ ವಾಹನ ಪೂರ್ತಿ ಒಳಗೆ ಹೋಗುವವರೆಗೆ ಕೆಳಗೇ ಕಾಯಿರಿ. ಇಳಿಜಾರಿನ ಮಧ್ಯೆ ನಿಂತು ಒಂದು ಕಾಲು ಜಾರಿದರೆ ಮುಗಿಯಿತು. ಒಳಗೆ ಡೆಕ್ಕಿನ ಮೇಲೆ ಸರಪಳಿ ಸಿಕ್ಕಿಸುವ ಗುಬ್ಬಗಳು, ಗುಂಡಿಗಳು ಸಾಲಾಗಿರುತ್ತವೆ. ಅವುಗಳ ಮೇಲೆ ಟೈರ್ ಹೋಗಬಾರದು, ಮುಖ್ಯವಾಗಿ ತಿರುಗಿಸುವಾಗ. ಒಂದೇ ಕಡೆ ಬಾಗಿಲು ಇರುವ ಹಡಗಿನಲ್ಲಿ ಒಳಗೇ ಯೂ-ಟರ್ನ್ ಹೊಡೆಸುತ್ತಾರೆ. ಭಾರದ ಬೈಕಿನವರು ನಾಚಿಕೆ ಬಿಟ್ಟು ಇಳಿದು ತಳ್ಳುವುದು ಕ್ಷೇಮ. ಹಿಂದೆ ಕೂತವರನ್ನು ಬಂದರಿನಲ್ಲೇ ಇಳಿಸಿ, ಅವರು ಮೆಟ್ಟಿಲ ದಾರಿಯಲ್ಲಿ ಬರಲಿ.

ಕಟ್ಟುವ ಕೆಲಸವನ್ನು ಹಡಗಿನವರಿಗೆ ಬಿಟ್ಟು ಮೇಲೆ ಹೋಗಬೇಡಿ. ಅವರು ಕೆಟ್ಟವರಲ್ಲ, ಅವಸರದವರು. ಲೆಕ್ಕ ಹೀಗಿದೆ: ಸಾಮಾನು ಸೇರಿ 220 ಕಿಲೋ ಇರುವ ಬೈಕು, ಹಡಗು 10 ಡಿಗ್ರಿ ವಾಲಿದರೆ ಪಕ್ಕಕ್ಕೆ ಸುಮಾರು 38 ಕಿಲೋ ಭಾರದಷ್ಟು ತಳ್ಳಾಟ ಪಡೆಯುತ್ತದೆ, 20 ಡಿಗ್ರಿಗೆ 75 ಕಿಲೋ. ವಾಲಾಟದ ಎಳೆತ ಇದರ ಮೇಲೆ. ಸೈಡ್ ಸ್ಟ್ಯಾಂಡ್ ಎಡಕ್ಕೆ ವಾಲಿದರೆ ತಡೆಯುತ್ತದೆ, ಬಲಕ್ಕೆ ವಾಲಿದರೆ ತಡೆಯಲು ಏನೂ ಇಲ್ಲ. ಹಾಗಾಗಿ ಬೆಲ್ಟಿನ ಕೆಲಸ ಬೈಕನ್ನು ಎತ್ತಿ ಹಿಡಿಯುವುದಲ್ಲ, ಸಸ್ಪೆನ್ಷನ್ ಅದುಮಿ ನೆಲಕ್ಕೆ ಒತ್ತಿ ಇಡುವುದು.

ಡಬಲ್ ಸ್ಟ್ಯಾಂಡ್ ಹಾಕುವುದು ಭದ್ರ ಅಂತ ಬಹಳ ಜನ ನಂಬಿದ್ದಾರೆ. ಅಲೆಯಲ್ಲಿ ಅದೇ ಅಪಾಯ. ಬೈಕು ಎತ್ತರಕ್ಕೇರಿ ಕಿರಿದಾದ ಕಾಲಿನ ಮೇಲೆ ನಿಲ್ಲುತ್ತದೆ, ಹಡಗು ಹಿಂದೆಮುಂದೆ ತೂಗಿದಾಗ ಸ್ಟ್ಯಾಂಡಿನಿಂದ ಮುಂದಕ್ಕೆ ಜಾರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿ, ಅದರ ಪಾದದಡಿ ರಬ್ಬರ್ ತುಂಡು ಇಟ್ಟು (ಹಳೇ ಟ್ಯೂಬಿನದ್ದೇ ಸಾಕು, ಬರೀ ಉಕ್ಕಿನ ಮೇಲೆ ಉಕ್ಕು ಜಾರುತ್ತದೆ), ಮೊದಲ ಗೇರಿಗೆ ಹಾಕಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಮಾಡಿ. ಮುಂದಿನ ಬ್ರೇಕ್ ಲಿವರನ್ನು ಗಟ್ಟಿ ರಬ್ಬರ್ ಬ್ಯಾಂಡಿನಿಂದಲೋ ಕೇಬಲ್ ಟೈನಿಂದಲೋ ಹ್ಯಾಂಡಲಿಗೆ ಬಿಗಿಯಿರಿ. ಇಷ್ಟಾದ ಮೇಲೆ ಬೆಲ್ಟು: ಸೀಟಿನ ಮೇಲೆ ಬಟ್ಟೆ ಹಾಕಿ ಅಡ್ಡಲಾಗಿ ಹಾಯಿಸಿ, ಎರಡೂ ಕಡೆ ಡೆಕ್ಕಿನ ಕೊಂಡಿಗೆ ಸಿಕ್ಕಿಸಿ, ಹಿಂದಿನ ಸಸ್ಪೆನ್ಷನ್ ಮೂರನೇ ಒಂದು ಭಾಗ ಕುಗ್ಗುವವರೆಗೆ ಎಳೆಯಿರಿ. ಅದಕ್ಕಿಂತ ಹೆಚ್ಚು ಬೇಡ. ಮುಂದಿನ ಫೋರ್ಕನ್ನು ತಳ ಮುಟ್ಟಿಸಿದರೆ ಆಯಿಲ್ ಸೀಲ್ ಸೋರಲು ಶುರು. ಎಡಗಡೆ ಮಾತ್ರ ಎಳೆದರೆ ಪೂರ್ತಿ ಭಾರ ಸ್ಟ್ಯಾಂಡಿನ ಮೇಲೆ ಬಿದ್ದು ಅದು ಬಗ್ಗಬಹುದು, ಎರಡೂ ಕಡೆ ಸಮನಾಗಿ ಬಿಗಿಯಬೇಕು. ಬೆಲ್ಟು ಸೈಲೆನ್ಸರ್, ಬ್ರೇಕ್ ಪೈಪ್, ಡಬ್ಬಿಯ ಫ್ರೇಮ್ ಮೇಲೆ ಹಾಯಬಾರದು. ಬಿಸಿ ಸೈಲೆನ್ಸರ್ ಮುಟ್ಟಿದ ನೈಲಾನ್ ಬೆಲ್ಟು ಕರಗಿ ಸಡಿಲವಾಗುತ್ತದೆ. ಹಡಗಿನ ಬೆಲ್ಟುಗಳು ಎಣ್ಣೆ ಕುಡಿದು ಕಪ್ಪಾಗಿರುತ್ತವೆ, ರ‍್ಯಾಚೆಟ್ ಹಲ್ಲು ಸವೆದಿರುವುದೂ ಉಂಟು. ಒಂದೂವರೆ ಅಥವಾ ಎರಡು ಮೀಟರಿನ ಎರಡು ಸ್ವಂತ ಬೆಲ್ಟು ಡಬ್ಬಿಯಲ್ಲಿ ಇರಲಿ, ಭಾರವೂ ಅಲ್ಲ.

ಬೈಕಿನ ಅಲಾರಂ ಆಫ್ ಮಾಡಿ. ವಾಲುವುದನ್ನು ಹಿಡಿಯುವ ಸೆನ್ಸರ್ ದಾರಿಯುದ್ದಕ್ಕೂ ಕಿರುಚಿ ಬ್ಯಾಟರಿ ಖಾಲಿ ಮಾಡುತ್ತದೆ. ಟ್ಯಾಂಕ್ ಕತ್ತಿನವರೆಗೆ ತುಂಬಿಸಬೇಡಿ. ಸೈಡ್ ಸ್ಟ್ಯಾಂಡಿನ ವಾಲು, ಡೆಕ್ಕಿನ ಸೆಕೆ ಎರಡೂ ಸೇರಿ ಮುಚ್ಚಳದಿಂದ ಪೆಟ್ರೋಲ್ ಜಿನುಗುತ್ತದೆ. ಬಿಡಿ ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯುವ ಯೋಚನೆಯೇ ಬೇಡ.

ಹೊರಟ ಮೇಲೆ ಗಾಡಿಗಳ ಡೆಕ್ಕಿಗೆ ಬೀಗ. ಪಾಸ್‌ಪೋರ್ಟ್, ಆರ್‌ಸಿ, ವಿಮೆ, ಪೆನ್ನು ಮೇಲೆ ಒಯ್ಯಿರಿ. ಕಾಫಿಯ ಸಾಲು ಆಮೇಲೆ, ಮೊದಲು ಹುಡುಕಬೇಕಾದ್ದು ಮೊರೊಕ್ಕೊ ಪೊಲೀಸರ ಕೌಂಟರ್. ಟ್ಯಾಂಜಿಯರ್‌ಗೆ ಹೋಗುವ ಹಡಗುಗಳಲ್ಲಿ ಸಾಮಾನ್ಯವಾಗಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದು ನೀರಿನ ಮೇಲೇ, ಜೊತೆಗೆ ಒಂದು ಪ್ರವೇಶ ಸಂಖ್ಯೆಯೂ ಬೀಳುತ್ತದೆ. ಆ ಸಂಖ್ಯೆ ಮುಂದೆ ಗಾಡಿಯ ಕಾಗದಕ್ಕೂ, ಹೋಟೆಲಿನ ಚೀಟಿಗೂ ಬೇಕು. ಕಿಟಕಿ ಪಕ್ಕದ ಸೀಟು ಹಿಡಿದು ಜಿಬ್ರಾಲ್ಟರ್ ಬಂಡೆಯ ಫೋಟೋ ತೆಗೆಯುತ್ತಾ ಕೂತವರು ಕೊನೆಗೆ ಸಾಲಿನ ಬಾಲದಲ್ಲಿ ನಿಂತು, ಹಡಗು ಖಾಲಿಯಾಗುವಾಗಲೂ ಮೇಲೆಯೇ ಇರುತ್ತಾರೆ. ಕೆಳಗೆ ಅವರ ಬೈಕಿನ ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತಿರುತ್ತವೆ.

ಇಳಿದ ಮೇಲಿನ ಮುಖ್ಯ ಕೆಲಸ ಗಾಡಿಯ ತಾತ್ಕಾಲಿಕ ಆಮದು ಪತ್ರ. ಹಳಬರ ಬಾಯಲ್ಲಿ ಇಂದಿಗೂ ಇದು ‘ಡಿ-16’. ಕಸ್ಟಮ್ಸ್ ಅಧಿಕಾರಿ ಆರ್‌ಸಿ, ಪಾಸ್‌ಪೋರ್ಟ್ ನೋಡಿ ಕಂಪ್ಯೂಟರಿಗೆ ಹಾಕಿ ಅಚ್ಚಾದ ಚೀಟಿ ಕೊಡುತ್ತಾರೆ. ಕೊಟ್ಟ ತಕ್ಷಣ ಜೇಬಿಗೆ ಹಾಕಬೇಡಿ. ಅಲ್ಲೇ ನಿಂತು ಗಾಡಿ ನಂಬರ್, ಚಾಸಿ ನಂಬರ್, ಪಾಸ್‌ಪೋರ್ಟ್ ನಂಬರ್, ಯಾವ ದಿನದೊಳಗೆ ಹೊರಹೋಗಬೇಕು ಎಂಬ ತಾರೀಖು, ನಾಲ್ಕನ್ನೂ ಬೆರಳಿಟ್ಟು ಓದಿ. ತಪ್ಪಿದ್ದರೆ ಎರಡು ನಿಮಿಷದಲ್ಲಿ ಅಲ್ಲೇ ಸರಿಯಾಗುತ್ತದೆ. ಮೂರು ವಾರದ ನಂತರ ಹೊರಹೋಗುವ ಗೇಟಿನಲ್ಲಿ ಅದೇ ತಪ್ಪಿಗೆ ಅರ್ಧ ದಿನ. ಈ ಚೀಟಿಯ ಮೂಲಕ ಗಾಡಿ ನಿಮ್ಮ ಪಾಸ್‌ಪೋರ್ಟಿಗೆ ಗಂಟು ಬಿದ್ದಿರುತ್ತದೆ. ಗಾಡಿ ಬಿಟ್ಟು ವಿಮಾನ ಹತ್ತಲು ಹೋದರೆ ತಡೆಯುತ್ತಾರೆ. ಕೆಟ್ಟು ನಿಂತರೂ, ಕಳುವಾದರೂ ಕಸ್ಟಮ್ಸ್ ಕಚೇರಿಯಲ್ಲಿ ಲೆಕ್ಕ ಒಪ್ಪಿಸದೆ ಹೊರಡುವಂತಿಲ್ಲ.

ಕೌಂಟರಿಗಿಂತ ಮುಂಚೆ ‘ನಾನು ಮಾಡಿಸಿಕೊಡ್ತೇನೆ’ ಅಂತ ಕಾಗದಕ್ಕೆ ಕೈಚಾಚುವವರು ಸಿಗಬಹುದು. ಕೊರಳಲ್ಲಿ ಏನೋ ಒಂದು ಕಾರ್ಡು ತೂಗುತ್ತಿರುತ್ತದೆ. ಆಮದು ಪತ್ರಕ್ಕೆ ಶುಲ್ಕವಿಲ್ಲ, ಮಧ್ಯವರ್ತಿಯೂ ಬೇಕಿಲ್ಲ. ನಗುತ್ತಲೇ ಬೇಡ ಎಂದು, ಪಾಸ್‌ಪೋರ್ಟನ್ನು ಗಾಜಿನ ಆಚೆ ಕೂತ ಸಮವಸ್ತ್ರದವರ ಕೈಗೆ ಮಾತ್ರ ಕೊಡಿ.

‘ಡ್ರೋನ್ ಇದೆಯಾ?’ ಅನ್ನುವ ಪ್ರಶ್ನೆ ಖಚಿತ. ಅನುಮತಿ ಇಲ್ಲದೆ ತಂದ ಡ್ರೋನನ್ನು ಗಡಿಯಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ. ಬಿಟ್ಟ ಬಂದರಿನಿಂದಲೇ ಮರಳದಿದ್ದರೆ ಅದು ಹೋದ ಹಾಗೇ. ಮೊರೊಕ್ಕೊ ದಿರ್ಹಮ್ ದೇಶದ ಹೊರಗೆ ಸುಲಭಕ್ಕೆ ಸಿಗುವ ನಾಣ್ಯವಲ್ಲ, ಒಳಗೆ ಹೊರಗೆ ಒಯ್ಯಲು ಇರುವ ಮಿತಿ 2,000. ಆದ್ದರಿಂದ ಬಂದರಿನ ಎಟಿಎಂನಲ್ಲೋ ವಿನಿಮಯದ ಕಿಟಕಿಯಲ್ಲೋ ಮೊದಲ ದಿನಕ್ಕೆ ಬೇಕಾದಷ್ಟು ಮಾತ್ರ ತೆಗೆಯಿರಿ.

ಇಷ್ಟು ಹೇಳಿದ ಮೇಲೆ ನಮ್ಮ ಅಂಕ. ಮೊದಲ ಸಲ ಹೋಗುವವರಿಗೆ, ಗಾಳಿ ಶಾಂತವಾಗಿದ್ದರೆ, ತರೀಫಾ–ಟ್ಯಾಂಜಿಯರ್ ವಿಲ್‌ಗೆ ಐದಕ್ಕೆ ನಾಲ್ಕು. ಒಂದು ಕಳೆದದ್ದು ಗಾಳಿಗೆ. ಅರ್ಧ ಹೆಚ್ಚೇ ಕಳೆಯಬೇಕಿತ್ತು, ಆದರೆ ಹಡಗು ಇಳಿದು ಹದಿನೈದು ನಿಮಿಷಕ್ಕೆ ಊರ ಮಧ್ಯೆ ಚಹಾ ಸಿಗುವ ಸುಖ ಅದನ್ನು ಸರಿದೂಗಿಸುತ್ತದೆ. ಅಲ್ಹೆಸೀರಾಸ್–ಟ್ಯಾಂಜಿಯರ್ ಮೆಡ್‌ಗೆ ಮೂರೂವರೆ. ಭಾರದ ಬೈಕು, ಗಟ್ಟಿಯಾಗಿ ನಿಗದಿಯಾದ ದಿನಾಂಕ, ನೇರ ದಕ್ಷಿಣಕ್ಕೆ ಹೋಗುವ ಅವಸರ ಇದ್ದವರಿಗೆ ಇದೇ ಸರಿ. ಬಂದರಿನಿಂದಲೇ ಮೋಟಾರುರಸ್ತೆ ಹಿಡಿಯಬಹುದು, ಟ್ಯಾಂಜಿಯರ್‌ನ ಸಂಜೆಯ ಟ್ರಾಫಿಕ್ಕಿಗೆ ಸಿಗಬೇಕಿಲ್ಲ. ಸೆಯುತಾಗೆ ಮೂರು. ಅದು ಆಫ್ರಿಕಾದಲ್ಲಿರುವ ಸ್ಪೇನ್. ಹಡಗಿನಲ್ಲಿ ಸುಮಾರು ಒಂದು ಗಂಟೆ, ತೆರಿಗೆ ಕಡಿಮೆಯಾದ್ದರಿಂದ ಪೆಟ್ರೋಲ್ ಅಗ್ಗ, ಟ್ಯಾಂಕ್ ಅಲ್ಲಿ ತುಂಬಿಸಿಕೊಳ್ಳಬಹುದು. ಆದರೆ ತಾರಹಾಲ್‌ನ ನೆಲದ ಗಡಿಯಲ್ಲಿ ನಡೆದು ಹೋಗುವವರು, ಕಾರುಗಳು ಎಲ್ಲಾ ಒಂದೇ ಕಿರಿದಾದ ಬಾಯಿಗೆ ಬಂದು ಸೇರುತ್ತವೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಈ ಗಡಿ ಮತ್ತೆ ತೆರೆದದ್ದು 2022ರ ಮೇನಲ್ಲಿ. ಎರಡು ಸರ್ಕಾರಗಳ ಮನಸ್ತಾಪ ಇಲ್ಲಿ ಬೇಗ ಮುಟ್ಟುತ್ತದೆ ಅನ್ನುವುದು ನೆನಪಿರಲಿ.

ಮರಳುವಾಗ ಕೆಲಸದ ಕ್ರಮ ಹೀಗೆ: ಪಾಸ್‌ಪೋರ್ಟಿಗೆ ಹೊರಹೋಗುವ ಮುದ್ರೆ, ಆಮದು ಪತ್ರ ಕಂಪ್ಯೂಟರಿನಲ್ಲಿ ಮುಚ್ಚಿಸುವುದು, ತಪಾಸಣೆ. ‘ಮುಚ್ಚಿದೆಯಾ’ ಎಂದು ಬಾಯಿಬಿಟ್ಟು ಕೇಳಿ. ಹಾಗೇ ಉಳಿದರೆ ಗಾಡಿ ಇನ್ನೂ ದೇಶದೊಳಗಿದೆ ಎಂದೇ ಲೆಕ್ಕ, ಮುಂದಿನ ಸಲ ಬಂದಾಗ ಅದು ಎದ್ದು ಬರುತ್ತದೆ. ಟ್ಯಾಂಜಿಯರ್ ಮೆಡ್‌ನಲ್ಲಿ ಲಾರಿ, ವ್ಯಾನುಗಳನ್ನು ಎಕ್ಸ್‌ರೇ ಯಂತ್ರಕ್ಕೆ ಕಳಿಸುತ್ತಾರೆ, ಬೈಕಿನ ಸುತ್ತ ನಾಯಿ ಬರುತ್ತದೆ. ಸಾಲಿನಲ್ಲಿ ನಿಂತಾಗ ಡಬ್ಬಿಗಳಿಗೆ ಬೀಗ ಇರಲಿ, ಬಟ್ಟೆಯ ಚೀಲವಾದರೆ ಜಿಪ್ಪಿಗೂ ಒಂದು ಸಣ್ಣ ಬೀಗ. ಯಾರೇ ಕೊಟ್ಟ ಪೊಟ್ಟಣ ಮುಟ್ಟಬೇಡಿ. ಮೊರೊಕ್ಕೊದ ರಿಫ್ ಬೆಟ್ಟದ ಹಶೀಶು ಇದೇ ದಾರಿಯಲ್ಲಿ ಹೋಗುತ್ತದೆ ಅನ್ನುವುದು ಎರಡೂ ಕಡೆಯ ಪೊಲೀಸರಿಗೆ ಗೊತ್ತು. ಸ್ಪೇನ್ ಬದಿಯಲ್ಲಿ ಮಾಂಸ, ಹಾಲಿನ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲ. ಉಳಿದ ಚೀಸನ್ನು ಹಡಗು ಹತ್ತುವ ಮುನ್ನ ತಿಂದು ಮುಗಿಸಿ. ಖರ್ಜೂರಕ್ಕೆ ತೊಂದರೆಯಿಲ್ಲ.